ನಕ್ಷೆಗೆ ರಂಗೋಲಿ ಹಾಕಿದವರು

ಪಾವಗಡದ ಬಸ್ಸಿನ ಕಂಡಕ್ಟರು ಮೊನ್ನೆ ಟಿಕೆಟ್ ಕೊಡುತ್ತಾ ಕೇಳಿದರು, "ಎಲ್ಲಿ ಕಣಮ್ಮ ನಿಮ್ಮಕ್ಕ? ಅದೇ, ಎರಡೆರಡು ಫೋನ್ ಹಿಡ್ಕೊಂಡು ಕಿಟಕಿ ಪಕ್ಕ ಕೂತ್ಕೊಳ್ಳೋರು?"

"ಹೋಗ್ಬುಟ್ರು ಅಣ್ಣ" ಎಂದೆ.

ಅವರು ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡಲು ಹೋದರು. ಬಸ್ಸು ಊರು ದಾಟಿದ ಮೇಲೆ ವಾಪಸ್ ಬಂದು ಕಂಬಿ ಹಿಡಿದು ನಿಂತು, "ನಾನು ಅವರನ್ನ ಟವರ್ ಕಂಪನಿಯೋರು ಅಂದ್ಕಂಡಿದ್ದೆ ಕಣಮ್ಮ. ಕೇಳಕ್ಕೆ ಸಂಕೋಚ" ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಅಕ್ಕನಿಗೆ ಈ ಮಾತು ಹೇಳಿದ್ದರೆ ಎಷ್ಟು ನಗುತ್ತಿದ್ದರು ಎಂದು ನೆನೆದು ಕಿಟಕಿಯ ಕಡೆ ತಿರುಗಿದೆ.

ಅವರು ಟವರ್ ಕಂಪನಿಯವರಲ್ಲ. ಮಧುಗಿರಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕುಡಿಯುವ ನೀರಿನ ಘಟಕಗಳಲ್ಲಿ ಇವತ್ತು ಯಾವುದು ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬುದನ್ನು ಇಂಟರ್ನೆಟ್ಟಿನ ನಕ್ಷೆಯಲ್ಲಿ ತೋರಿಸುವುದು ನಮ್ಮ ಕೆಲಸ. ನಡೆಯುತ್ತಿದ್ದರೆ ಹಸಿರು ಚುಕ್ಕಿ, ನಿಂತಿದ್ದರೆ ಕೆಂಪು. ನಮ್ಮ ಕಡೆ, ಅದರಲ್ಲೂ ಪಾವಗಡದ ಕಡೆ, ಬೋರಿನ ನೀರಿನಲ್ಲಿ ಫ್ಲೋರೈಡು ಜಾಸ್ತಿ. ಅದನ್ನೇ ಕುಡಿದು ಬೆಳೆದವರ ಹಲ್ಲು ಕಂದುತ್ತದೆ, ವಯಸ್ಸಾದಂತೆ ಕಾಲು ಬಾಗುತ್ತದೆ. ಹಾಗಾಗಿ ಶುದ್ಧ ನೀರಿಗೆಂದು ಜನ ಗಾಡಿಗೆ ಕ್ಯಾನು ಕಟ್ಟಿಕೊಂಡು ಬೇರೆ ಊರಿಗಾದರೂ ಹೋಗುತ್ತಾರೆ. ಅಲ್ಲಿ ಬೀಗ ಹಾಕಿದ್ದರೆ ಖಾಲಿ ಕ್ಯಾನು ಹೊತ್ತು ವಾಪಸ್ಸು. ಹಾಗೆ ಖಾಲಿ ಕ್ಯಾನು ಮನೆಗೆ ಬರಬಾರದು, ನಮ್ಮ ಆಫೀಸು ಇರುವುದು ಅಷ್ಟಕ್ಕೇ.

ನಾನು ಬೆಳಿಗ್ಗೆ ಘಟಕ ನೋಡಿಕೊಳ್ಳುವವರಿಗೆಲ್ಲ ಫೋನು ಮಾಡಿ ವಿಚಾರಿಸುತ್ತೇನೆ. ಆಫೀಸು ನಡೆಸುವವರು ಶಿರಾದ ಸಾಹೇಬರು. ನಕ್ಷೆ ಬರೆಯುತ್ತಿದ್ದವರು ಅಕ್ಕ. ಅವರಿಗೊಂದು ಹೆಸರಿತ್ತು, ಆದರೆ ನಾವು ಯಾರೂ ಆ ಹೆಸರಿನಿಂದ ಕರೆದವರಲ್ಲ. ಇಲ್ಲಿಯೂ ಅದು ಬೇಡ.

ಕೊರಟಗೆರೆ ತಾಲ್ಲೂಕಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ತುಮಕೂರಿನಲ್ಲಿ ಡಿಪ್ಲೊಮಾ ಓದಿ, ವರ್ಷಗಟ್ಟಲೆ ಮನೆಗಳ ಪ್ಲಾನು ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ತಾವೇ ಕಲಿತವರು. ಕುಳ್ಳಗಿದ್ದರು. ತುರುಬಿನಲ್ಲಿ ಒಂದು ಪೆನ್ಸಿಲು ಸಿಕ್ಕಿಸಿರುತ್ತಿದ್ದರು. ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಬರೆಯದೆ ಅವರಿಗೆ ಮಾತು ಮುಗಿಯುತ್ತಿರಲಿಲ್ಲ. ಮೇಜಿನ ಮೇಲೆ ಚೆಲ್ಲಿದ ಟೀಯಲ್ಲಿ ಬೆರಳದ್ದಿ ಬರೆಯುವರು, ಬಸ್ಸಿನ ಕಿಟಕಿಯ ಧೂಳಿನಲ್ಲಿ ಬರೆಯುವರು. ಒಂದು ಸಲ ಗೊರವನಹಳ್ಳಿಗೆ ಹೋಗುವ ದಾರಿ ಕೇಳಿದವರಿಗೆ ಅವರದೇ ಅಂಗೈ ಹಿಡಿದು ಅದರ ಮೇಲೆ ದಾರಿ ಬರೆದು ಕಳಿಸಿದ್ದರು. ಆ ಮನುಷ್ಯ ಬಸ್ ಸ್ಟ್ಯಾಂಡಿನವರೆಗೂ ಅಂಗೈಯನ್ನು ಎದುರಿಗೆ ಹಿಡಿದುಕೊಂಡೇ ಹೋದ.

"ಕುರಿ ಹಿಂದೆ ನಡೆದೋರಿಗೆ ನಕ್ಷೆ ಕಾಲಲ್ಲಿರ್ತದೆ ಕಣಮ್ಮ. ನಾನು ಬರೀ ಕಾಲಿಂದ ಕೈಗೆ ತಂದೆ, ಅಷ್ಟೇಯ" ಎನ್ನುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಆಫೀಸಿನ ನಕ್ಷೆ ಸತ್ತು ಹೋಗಿತ್ತು. ಹಿಂದೆ ಯಾರೋ ಮಾಡಿಕೊಟ್ಟಿದ್ದ ಆ ನಕ್ಷೆ ತೆರೆಯಬೇಕಾದರೆ ಕಂಪ್ಯೂಟರಿಗೆ ಬೇರೊಂದು ಸಾಫ್ಟ್‌ವೇರು ಹಾಕಿಕೊಂಡಿರಬೇಕಿತ್ತು. ಬ್ರೌಸರುಗಳು ಆ ಸಾಫ್ಟ್‌ವೇರನ್ನೇ ಕೈಬಿಟ್ಟ ಮೇಲೆ ನಕ್ಷೆಯ ಜಾಗದಲ್ಲಿ ಒಂದು ಬೂದು ಚೌಕ ಮಾತ್ರ ಉಳಿಯಿತು. ಹೊಸದನ್ನು ಹೇಗೆ ಮಾಡುವುದು ಎಂದು ಸಾಹೇಬರಿಗೂ ಅಕ್ಕನಿಗೂ ಚರ್ಚೆ ಶುರುವಾಯಿತು.

"ನೋಡಿ ಮೇಡಂ, ಸೀದಾ ಕೆಲಸ" ಎಂದರು ಸಾಹೇಬರು. "ಬೆಳಿಗ್ಗೆ ಒಂದು ಫೋಟೋ ತರಹ ಮಾಡಿ ಬಿಟ್ಬಿಡಿ. ಗ್ರೂಪಲ್ಲಿ ಹೋಗ್ತದೆ, ಸ್ಟೇಟಸ್ಸಲ್ಲಿ ಹೋಗ್ತದೆ, ಜಲ್ದಿ ಎಲ್ರಿಗೂ ತಲುಪ್ತದೆ. ಬಾಕಿ ಎಲ್ಲ ಬೇಕಾರ್."

"ಫೋಟೋದಾಗಿರೋ ನೀರು ಹರಿಯಲ್ಲ ಸಾರ್" ಎಂದರು ಅಕ್ಕ.

ನನಗೆ ಇಬ್ಬರ ಮಾತೂ ಅರ್ಥವಾಗಲಿಲ್ಲ. ಪಿಯುಸಿ ಓದಿದವಳು ನಾನು. ನಕ್ಷೆಯೆಂದರೆ ಗೋಡೆಯ ಮೇಲೆ ನೇತುಹಾಕುವುದು ಎಂದಷ್ಟೇ ಗೊತ್ತಿತ್ತು. ಅಕ್ಕ ನನ್ನನ್ನು ಕಿಟಕಿಯ ಹತ್ತಿರ ಕರೆದು ಎದುರಿಗಿದ್ದ ಬೆಟ್ಟದ ಫೋಟೋ ತೆಗೆದರು. ಎರಡು ಬೆರಳಿಂದ ಅದನ್ನು ಹಿಗ್ಗಿಸುತ್ತಾ ಹೋದರು.

"ಬೆಟ್ಟ ಹತ್ರ ಬಂತಾ?"

"ಇಲ್ಲಕ್ಕ. ಮಸುಕಾಯ್ತು. ಚೌಕ ಚೌಕ ಕಾಣ್ತೈತೆ."

"ಹೂಂ. ಫೋಟೋ ಅಂದ್ರೆ ಅಷ್ಟೇಯ, ಬಣ್ಣದ ಚೌಕ ಜೋಡಿಸಿರೋದು. ಈಗ ಹೇಳು, ನಿಮ್ಮಮ್ಮ ನಿನಗೆ ರಂಗೋಲಿ ಹೆಂಗೆ ಹೇಳ್ಕೊಟ್ರು?"

"ಹದಿನೈದು ಚುಕ್ಕಿ, ಎಂಟು ಬರೋವರೆಗೆ ನಡುಚುಕ್ಕಿ. ಆಮೇಲೆ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಅಂತ."

"ನೋಡ್ದಾ? ರಂಗೋಲಿನ ಹೊತ್ಕೊಂಡು ಬಂದು ಕೊಡಲ್ಲ, ಲೆಕ್ಕ ಹೇಳ್ತಾರೆ. ನೀನು ಅದನ್ನ ತುಳಸಿಕಟ್ಟೆ ಮುಂದೆ ಚಿಕ್ಕದಾಗಿ ಹಾಕು, ಅಂಗಳದ ತುಂಬ ದೊಡ್ಡದಾಗಿ ಹಾಕು, ಗೆರೆ ಕೆಡಲ್ಲ. ಒಂದು ಚುಕ್ಕಿ ಬಣ್ಣ ಬದ್ಲಾಯ್ಸಬೇಕು ಅಂದ್ರೆ ಇಡೀ ರಂಗೋಲಿ ಗುಡಿಸಿ ಹಾಕ್ತೀಯಾ?"

ಆಫೀಸಿನ ಭಾಷೆಯಲ್ಲಿ ಫೋಟೋ ತರಹದ್ದಕ್ಕೆ ಜೆಪಿಜಿ, ರಂಗೋಲಿ ತರಹದ್ದಕ್ಕೆ ಎಸ್‌ವಿಜಿ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಚಿತ್ರದ ನಕ್ಷೆಯಾದರೆ ಒಂದು ಘಟಕ ಕೆಟ್ಟರೂ ಇಡೀ ಚಿತ್ರವನ್ನು ಮತ್ತೆ ಕಳಿಸಬೇಕು. ಗೆರೆಯ ನಕ್ಷೆಯಾದರೆ ಈ ಚುಕ್ಕಿ ಕೆಂಪಾಯಿತು ಎಂಬ ಒಂದು ಮಾತು ಕಳಿಸಿದರೆ ಸಾಕು, ತೆರೆದು ಕೂತವರ ಫೋನಿನಲ್ಲಿ ಅದೊಂದೇ ಕೆಂಪಾಗುತ್ತದೆ. ಆವತ್ತು ಆ ಕಿಟಕಿಯ ಬಳಿ ನನ್ನ ತಲೆಯೊಳಗೆ ಯಾವುದೋ ಬಾಗಿಲು ತೆರೆದ ಹಾಗಾಯಿತು. ನಾನು ಹುಟ್ಟಿದಾಗಿನಿಂದ ನಮ್ಮಮ್ಮ ಬೆಳಗಾಗೆದ್ದು ಮಾಡುತ್ತಿದ್ದ ಕೆಲಸದೊಳಗೆ ಇಷ್ಟು ದೊಡ್ಡ ವಿಷಯ ಕೂತಿತ್ತು. ಅದನ್ನು ತೆಗೆದು ತೋರಿಸಲು ಇವರು ಬರಬೇಕಾಯಿತು.

ಗೆರೆಯ ನಕ್ಷೆಗೂ ಒಂದು ತೊಂದರೆ ಇತ್ತು. ಗೆರೆಯ ತಿರುವು ಹೆಚ್ಚಿದಷ್ಟೂ ಅದು ಭಾರವಾಗುತ್ತದೆ. ನಾಲ್ಕು ತಾಲ್ಲೂಕಿನ ಗಡಿ, ಹಳ್ಳ, ರಸ್ತೆಗಳಿಗೆ ತಿರುವು ಒಂದೇ ಎರಡೇ? ಅಕ್ಕ ದಿನಗಟ್ಟಲೆ ಕೂತು ಒಂದೊಂದೇ ತಿರುವನ್ನು ತೆಗೆದರು. ತೆಗೆಯುವ ಮುಂಚೆ ಪರದೆಯ ಮೇಲೆ ಆ ಜಾಗವನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದರು. ಒಂದು ಹಳ್ಳವನ್ನು ನೇರ ಮಾಡಿ, ಒಂದು ತಿರುವನ್ನು ವಾಪಸ್ ಇಟ್ಟರು. "ಇದು ತೆಗೆದ್ರೆ ಆ ಊರೋರಿಗೆ ತಮ್ಮ ಊರು ಗುರ್ತು ಸಿಗಲ್ಲ" ಎಂದರು. "ಜನ ಗುರ್ತು ಹಿಡಿಯೋವಷ್ಟು ಇರ್ಬೇಕು, ಫೋನು ಹೊರೋವಷ್ಟೇ ಇರ್ಬೇಕು." ಕೊನೆಗೆ ಆ ನಕ್ಷೆ ನೋಡಿದಾಗ, ಇಷ್ಟು ಕಮ್ಮಿ ಗೆರೆಯಲ್ಲಿ ನಾನು ಹುಟ್ಟಿ ಬೆಳೆದ ಸೀಮೆಯೆಲ್ಲ ಹೇಗೆ ಹಿಡಿಯಿತು ಎಂದು ಬೆರಗಾದೆ. ನಮ್ಮೂರ ಕೆರೆಯ ಏರಿ ಬಾಗುವುದು ಹಾಗೆಯೇ.

ಸಾಹೇಬರನ್ನು ಒಪ್ಪಿಸಿದ್ದು ಬಸ್ಸಿನಲ್ಲಿ. ಅಕ್ಕ ನಮ್ಮಿಬ್ಬರನ್ನೂ ಪಾವಗಡದ ಬಸ್ಸು ಹತ್ತಿಸಿದರು. ಅವರ ಕೈಯಲ್ಲಿ ಸಿಗುವುದರಲ್ಲೆಲ್ಲ ಅಗ್ಗದ ಎರಡು ಫೋನು, ಒಂದರ ಗಾಜು ಒಡೆದಿತ್ತು. ಒಂದರಲ್ಲಿ ಚಿತ್ರದ ನಕ್ಷೆ, ಇನ್ನೊಂದರಲ್ಲಿ ಗೆರೆಯದು. ಗುಡ್ಡಗಳ ನಡುವೆ ಸಿಗ್ನಲ್ ತೆಳುವಾಗುವ ಜಾಗ ಬಂದಾಗ ಎರಡನ್ನೂ ಒಟ್ಟಿಗೆ ಒತ್ತಿದರು. ಚಿತ್ರ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಇಳಿದು ಶಿರಾದವರೆಗೆ ಬಂದು ನಿಂತಿತು. ಗಾಜು ಒಡೆದ ಫೋನಿನಲ್ಲಿ ಗೆರೆಗಳು ಬಂದವು, ಹಿಂದೆಯೇ ಚುಕ್ಕಿಗಳು ಬಂದವು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಕಬೂಲ್ ಮೇಡಂ" ಎಂದರು. ಆಮೇಲೆ, "ಆದ್ರೆ ಒಂದು ಮಾತು. ಜನ ಇದನ್ನೂ ಸ್ಕ್ರೀನ್‌ಶಾಟ್ ಹೊಡಿತಾರೆ. ಹೊಡೆದು ಗ್ರೂಪಿಗೆ ಹಾಕ್ತಾರೆ. ನೋಡ್ತಾ ಇರಿ."

"ನಮ್ಮ ಜನ ಅಷ್ಟು ದಡ್ಡರಲ್ಲ ಬುಡಿ ಸಾರ್" ಎಂದು ಅಕ್ಕ ನಕ್ಕರು.

ಸಾಹೇಬರ ಮಾತೇ ನಿಜವಾಯಿತು. ನಕ್ಷೆ ಬಿಟ್ಟ ಕೆಲವೇ ವಾರಗಳಲ್ಲಿ ತಿರುಮಣಿ ಕಡೆಯ ಒಂದು ಹಳ್ಳಿಯಿಂದ ಆಫೀಸಿಗೆ ಫೋನು ಬಂತು. ಅಂಜಿನಮ್ಮ ಎಂಬ ವಯಸ್ಸಾದ ಹೆಂಗಸು. ಎತ್ತಿದ ತಕ್ಷಣ ತೆಲುಗು ಬೆರೆತ ಬೈಗುಳ.

"ಏಮ್ಮಾ, ನಿಮ್ಮ ಮ್ಯಾಪು ನೋಡ್ಕೊಂಡು ನಮ್ಮ ಸೊಸೆ ಗಾಡಿ ತಕ್ಕೊಂಡು ಹೋದ್ಲು. ಹಸಿರು ಅಂತ ತೋರ್ಸಿದ್ರಲ್ಲ, ಅಲ್ಲಿ ನೀಳ್ಳೂ ಲೇವು, ಮನುಷ್ಯನೂ ಲೇಡು. ಬೀಗ! ಬೋರು ನೀರೇ ಕುಡ್ಕೊಂಡು ಕೂತಿದೀನಿ. ನನ್ನ ಕಾಲು ನೋಡ್ಬೇಕು ನೀವು, ಆವಾಗ ಗೊತ್ತಾಗುತ್ತೆ!"

ನಾನು ನಕ್ಷೆ ನೋಡಿದೆ. ಆ ಘಟಕ ಕೆಂಪೇ ಇತ್ತು, ಹಿಂದಿನ ದಿನವೇ ಕೆಂಪಾಗಿತ್ತು. ಅವರ ಸೊಸೆಗೆ ಬಂದದ್ದು ಅದಕ್ಕೂ ಮುಂಚಿನ ಸ್ಕ್ರೀನ್‌ಶಾಟು. ಯಾರೋ ಯಾರಿಗೋ ಕಳಿಸಿ, ಅಲ್ಲಿಂದ ಇಲ್ಲಿಗೆ ಬಂದು, ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಕೂತಿತ್ತು. ನಮ್ಮ ತಪ್ಪಿಲ್ಲ ಎಂದು ನಾನು ಅಕ್ಕನಿಗೆ ಹೇಳಿದೆ.

ಅಕ್ಕ ಒಪ್ಪಲಿಲ್ಲ. "ಕೆಟ್ಟ ಸೊಪ್ಪು ಕುರಿ ತಿಂದ್ರೆ ಕುರೀನ ಬಯ್ತಾರೇನಮ್ಮ? ಅಲ್ಲಿಗೆ ಹೊಡ್ಕೊಂಡು ಹೋದೋರ್ನ ಕೇಳ್ಬೇಕು" ಎಂದರು. ಮಾರನೆಯ ದಿನ ಬೆಳಿಗ್ಗೆಯೇ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಟೆವು.

ಆ ಕಡೆ ಹೊಲಗಳ ಜಾಗದಲ್ಲೆಲ್ಲ ಸೋಲಾರ್ ಹಲಗೆಗಳು ಆಕಾಶ ನೋಡುತ್ತಾ ಮಲಗಿವೆ. ಅವುಗಳ ಪಕ್ಕದ ದಾರಿಯಲ್ಲಿ ನಡೆದು ಅಂಜಿನಮ್ಮನ ಮನೆ ತಲುಪಿದೆವು. ಅವರು ಹೊಸ್ತಿಲ ಮೇಲೆ ಕೂತಿದ್ದರು. ಕಾಲುಗಳು ಮಂಡಿಯಿಂದ ಹೊರಕ್ಕೆ ಬಾಗಿದ್ದವು. ಫೋನಿನಲ್ಲಿ ಬೈದದ್ದು ಸಾಲದೆಂಬಂತೆ ಎದುರಿಗೂ ಬೈದರು. ಅಕ್ಕ ನಿಂತೇ ಕೇಳಿಸಿಕೊಂಡರು. ಬೈದು ಮುಗಿದ ಮೇಲೆ ಅಂಜಿನಮ್ಮ ತಾವೇ ಮಜ್ಜಿಗೆ ತರಿಸಿ, "ಕುಡೀರಿ, ಇದು ಫಿಲ್ಟ್ರು ನೀರೇ. ಸೊಸೆ ಈಗ ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಿ ತಂದ್ಲು" ಎಂದರು.

"ತಾರೀಕು ನೋಡ್ಬೇಕಿತ್ತಮ್ಮ" ಎಂದೆ ನಾನು. "ಮೂಲೇಲಿ ಹಾಕಿರ್ತೀವಿ."

"ತಾರೀಕು!" ಅಂಜಿನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲೇ ಹುಡ್ಗಿ, ನಮ್ಮ ಬಾಗ್ಲು ನೋಡು. ನಿನ್ನೆ ಮುಗ್ಗು ಹಂಗೇ ಬಿದ್ದೈತೆ. ಸೊಸೆ ನೀರಿಗೆ ಹೋದ್ಲಲ್ಲ, ಹೊಸ ರಂಗೋಲಿ ಹಾಕಕ್ಕಾಗಿಲ್ಲ. ದಾರಿಲಿ ಹೋಗೋ ಹೆಂಗಸ್ರು ಒಬ್ಬೊಬ್ರೂ ನಿಂತು ಕೇಳ್ತಾರೆ, ಏನಾಯ್ತು ಮನೇಲಿ, ಯಾಕೆ ನಿನ್ನೇದೇ ಐತೆ ಅಂತ. ನಮ್ಮ ಬಾಗ್ಲಿಗೆ ಬಾಯೈತೆ. ನಿಮ್ಮ ಮ್ಯಾಪಿಗೆ ಏನೈತೆ?"

ಅಕ್ಕ ಮಜ್ಜಿಗೆಯ ಲೋಟ ಹಿಡಿದವರು ಹಾಗೇ ನಿಂತುಬಿಟ್ಟರು. ಆ ತುಳಿದ ರಂಗೋಲಿಯನ್ನೇ ನೋಡುತ್ತಿದ್ದರು. ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಧೂಳಿನಲ್ಲಿ ಚುಕ್ಕಿ ಇಡುತ್ತಾ, ಗೆರೆ ಎಳೆಯುತ್ತಾ, ಅಂಗೈಯಿಂದ ಒರೆಸುತ್ತಾ ಮಧುಗಿರಿಯವರೆಗೂ ಬಂದರು.

ಆಫೀಸಿಗೆ ಬಂದವರೇ ಸಾಹೇಬರ ಎದುರು ನಿಂತು, "ನೀವು ಹೇಳಿದ್ದು ಸರಿ ಸಾರ್, ನಾನು ಹೇಳಿದ್ದು ತಪ್ಪು" ಎಂದರು. ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ. "ಸ್ಕ್ರೀನ್‌ಶಾಟ್ ನಿಲ್ಸಕ್ಕಾಗಲ್ಲ. ಅದು ಹಳೇದು ಅಂತ ಅದೇ ಹೇಳೋ ಹಂಗೆ ಮಾಡ್ತೀನಿ."

ನಕ್ಷೆಯ ನಾಲ್ಕೂ ಅಂಚಿಗೆ ರಂಗೋಲಿ. ವಾರದ ಒಂದೊಂದು ದಿನಕ್ಕೆ ಒಂದೊಂದು. ಸೋಮವಾರ ಬಿಲ್ವದ ಎಲೆ, ಶುಕ್ರವಾರ ಕಮಲ, ಶನಿವಾರ ಗದೆ, ಹೀಗೆ ನಮ್ಮ ಹೆಂಗಸರಿಗೆ ಕಣ್ಣು ಮುಚ್ಚಿದರೂ ಗೊತ್ತಿರುವಂಥವು. ಬರಿಯ ಗೆರೆಯಾದ್ದರಿಂದ ಫೋನಿಗೆ ಭಾರವೂ ಇಲ್ಲ.

ಸಾಹೇಬರು ಯೋಚಿಸಿದರು. "ಹೋದ ಶುಕ್ರವಾರದ್ದನ್ನ ಈ ಶುಕ್ರವಾರ ಕಳಿಸಿದ್ರೆ?"

"ನಿನ್ನೆ ಮಿಕ್ಕಿದ್ದು ತಿಂತಾರೆ ಸಾರ್. ಎಂಟು ದಿನದ್ದನ್ನ ಮೂಸಿನೂ ನೋಡಲ್ಲ."

ಸಾಹೇಬರು ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಅಳುಕುತ್ತಲೇ, "ನಮ್ಮ ಮನೇಲಿ ರಂಗೋಲಿ ಹಾಕಲ್ವಲ್ಲ ಮೇಡಂ. ನಮ್ಮೋರಿಗೆ ಹೆಂಗೆ ಗೊತ್ತಾಗ್ತದೆ?" ಎಂದರು. ಅಕ್ಕ ಆ ಭಾನುವಾರ ಶಿರಾಕ್ಕೆ ಹೋಗಿ ಸಾಹೇಬರ ಹೆಂಡತಿಯ ಎದುರು ಕೈ ಚಾಚಿ ಕೂತು ಮದರಂಗಿ ಹಾಕಿಸಿಕೊಂಡು ಬಂದರು. ಸೋಮವಾರ ಆ ಕೈಯನ್ನು ಪರದೆಯ ಪಕ್ಕ ಹಿಡಿದುಕೊಂಡು, ಅಂಗೈಯ ಬಳ್ಳಿಯನ್ನು ಗೆರೆ ಗೆರೆಯಾಗಿ ಬರೆದರು. ಅಂದಿನಿಂದ ಶುಕ್ರವಾರದ ಕಮಲದ ಸುತ್ತ ಆ ಮದರಂಗಿ ಬಳ್ಳಿ ಹಬ್ಬಿಕೊಂಡಿದೆ. ಎರಡೂ ಮನೆಯವರಿಗೆ ಶುಕ್ರವಾರ ಶುಕ್ರವಾರವೇ.

ಅಂಚು ಬಂದ ಮೇಲೆ ಜನರ ಮಾತೇ ಬದಲಾಯಿತು. "ಗದೆ ಇರೋದು ಕಳಿಸವ್ಳೆ ಕಣಕ್ಕ ನಮ್ಮ ನಾದಿನಿ, ಇವತ್ತು ಭಾನುವಾರ ಅಲ್ವಾ? ಮೈಗಳ್ಳಿ!" ಎಂದು ಘಟಕದ ಬಳಿ ಸರದಿಯಲ್ಲಿ ನಿಂತ ಹೆಂಗಸೊಬ್ಬಳು ಹೇಳುವುದನ್ನು ನಾನೇ ಕೇಳಿದ್ದೇನೆ. ಓದು ಬಾರದವರೂ ಓದಿದರು. ಅಕ್ಕ ಮಾತ್ರ ಇನ್ನೂ ತೃಪ್ತರಾಗಿರಲಿಲ್ಲ. "ಎಲ್ರೂ ಕಳಿಸಿದ್ದನ್ನೇ ನೋಡ್ತಾರೆ. ಒಂದು ದಿನವಾದ್ರೂ ಎಲ್ರೂ ತಾವೇ ತೆರೆದು ನೋಡಿದ್ರೆ ಚೆನ್ನಾಗಿತ್ತು" ಎನ್ನುತ್ತಿದ್ದರು. ಏಕೆಂದರೆ ಬೆಳಿಗ್ಗೆ ಹಸಿರಿದ್ದ ಘಟಕ ಮಧ್ಯಾಹ್ನಕ್ಕೇ ಕೆಡಬಹುದು. ಇವತ್ತಿನ ರಂಗೋಲಿ ಅದನ್ನು ಹೇಳಲಾರದು. ಜೀವಂತ ನಕ್ಷೆಯೇ ಹೇಳಬೇಕು.

ಕಾಯಿಲೆ ಗೊತ್ತಾದ ದಿನ ಅವರು ನನಗೆ ಹೇಳಿದ ರೀತಿ ಅವರದೇ. ಟೀ ಕುಡಿಯುತ್ತಾ, "ನನ್ನ ಚುಕ್ಕಿ ಕೆಂಪಾಗ್ತಾ ಐತೆ ಕಣಮ್ಮ" ಎಂದರು. ನಾನು ಲೋಟ ಕೆಳಗಿಟ್ಟೆ. "ಅಳ್ಬೇಡ. ಅಂಚು ಬದ್ಲಾಯಿಸೋದು ಕಲ್ಕೋ ಮೊದ್ಲು" ಎಂದರು.

ಕಲಿತೆ. ಆಸ್ಪತ್ರೆಯಿಂದ ಬಂದ ವಾರಗಳಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂರುತ್ತಿದ್ದರು. ಆಗಲೂ ಮೇಜಿನ ಮೇಲೆ ಬೆರಳು ಗೆರೆ ಎಳೆಯುತ್ತಲೇ ಇರುತ್ತಿತ್ತು. "ಅಂಚು ಮೊದ್ಲು ಬರೋ ಹಂಗೆ ಇಡು, ಚುಕ್ಕಿ ಆಮೇಲೆ. ಹೊಸ್ಲು ನೋಡ್ದೆ ಯಾರೂ ಒಳಗೆ ಬರ್ಬಾರ್ದು" ಎಂದರು. ನಾನು ಆ ಪ್ರಕಾರ ಇಟ್ಟೆ. ಅವರು ಹೇಳಿದ ಕೊನೆಯ ಕೆಲಸ ಅದು.

ಅವರು ಹೋದದ್ದು ಬೆಳಗಿನ ಜಾವ. ಅವರ ಊರಿಗೆ ಹೋಗಿ ಮುಖ ನೋಡಿ, ಮಣ್ಣಿಗೆ ಇನ್ನೂ ಹೊತ್ತಿದೆ ಎಂದು ನಾನೂ ಸಾಹೇಬರೂ ಆಫೀಸಿಗೆ ಬಂದೆವು. ನೀರಿಗೆ ರಜೆ ಹಾಕಲಾಗುವುದಿಲ್ಲ. ಎಂದಿನಂತೆ ಫೋನು ಮಾಡಿದೆ, ಚುಕ್ಕಿಗಳನ್ನು ಸರಿ ಮಾಡಿದೆ. ಅಂಚಿನ ಹತ್ತಿರ ಬಂದಾಗ ಕೈ ಓಡಲಿಲ್ಲ.

"ಹಾಕ್ಬೇಕಾ ಸಾರ್?" ಎಂದೆ.

"ನಿಮ್ಮಲ್ಲಿ ಏನು ಮಾಡ್ತೀರಮ್ಮ?"

"ಸಾವಾದ ಮನೆ ಮುಂದೆ ರಂಗೋಲಿ ಹಾಕಲ್ಲ ಸಾರ್. ಸೂತಕ ಕಳೆಯೋವರೆಗೆ."

"ಹಂಗಾದ್ರೆ ಬೇಡ. ಇದೂ ಅಕ್ಕನ ಮನೆಯೇ ಅಲ್ವೇನಮ್ಮ" ಎಂದು ಅವರು ಕಿಟಕಿಯ ಕಡೆ ತಿರುಗಿ ನಿಂತರು. ಸಾಹೇಬರು ಆಕೆಯನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು.

ಅಂಚು ಖಾಲಿ ಬಿಟ್ಟ ನಕ್ಷೆ ಹೋಯಿತು. ಹೋದ ಮೇಲೆ ನನಗೆ ಭಯ ಶುರುವಾಯಿತು. ರಂಗೋಲಿ ಇಲ್ಲದ್ದನ್ನು ನಂಬಬೇಡಿ ಎಂದು ಜನಕ್ಕೆ ಕಲಿಸಿದವರು ನಾವೇ. ಇದನ್ನು ಯಾರೂ ನಂಬದಿದ್ದರೆ? ಹಳೆಯ ಚಿತ್ರ ನೋಡಿಕೊಂಡು ಯಾರಾದರೂ ಬೀಗ ಹಾಕಿದ ಘಟಕಕ್ಕೆ ಹೋದರೆ? ಅಕ್ಕ ಇಷ್ಟು ವರ್ಷ ಕಟ್ಟಿದ್ದನ್ನು ಅವರು ಹೋದ ದಿನವೇ ನಾನು ಕೆಡಿಸಿದೆನೇ ಎನಿಸಿತು.

ಫೋನು ಬಂತು. ತಿರುಮಣಿ ಕಡೆಯ ಅಂಜಿನಮ್ಮ. ಈ ಸಲ ಬೈಗುಳವಿಲ್ಲ. ಬಹಳ ಮೆಲ್ಲಗೆ ಕೇಳಿದರು.

"ಏಮ್ಮಾ, ಮುಗ್ಗು ಇಲ್ಲ. ಯಾರಮ್ಮ ಹೋದ್ರು?"

ನಾನು ಹೇಳಿದೆ. "ನಿಂತ್ಕೊಂಡೇ ಬೈಸ್ಕೊಂಡ್ಲಲ್ಲಮ್ಮ ಆವತ್ತು. ಕೂತ್ಕೋ ಅಂತ ನಾನೂ ಅನ್ಲಿಲ್ಲ" ಎಂದರು. ಅದಾದ ಮೇಲೆ ಕೊರಟಗೆರೆಯಿಂದ ಬಂತು, ಶಿರಾದಿಂದ ಬಂತು, ಸಿದ್ದರಬೆಟ್ಟದ ಕೆಳಗಿನ ಘಟಕದವರು ಮಾಡಿದರು. ನಕ್ಷೆ ಕೆಟ್ಟಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ, ಯಾರು ಹೋದರು ಎಂದು.

ಸೂತಕದ ದಿನಗಳಲ್ಲಿ ಇನ್ನೊಂದು ನಡೆಯಿತು. ಅದನ್ನು ಕಂಡದ್ದು ಸಾಹೇಬರು. ನಕ್ಷೆಯನ್ನು ಎಷ್ಟು ಜನ ತೆರೆದರು ಎಂದು ಅವರು ದಿನವೂ ನೋಡುತ್ತಾರೆ. ನನ್ನನ್ನು ಕರೆದು ಪರದೆ ತೋರಿಸಿದರು. ತೆರೆದವರ ಗೆರೆ ಎಂದೂ ಕಾಣದಷ್ಟು ಮೇಲೆ ಹೋಗಿತ್ತು. ಗ್ರೂಪುಗಳಲ್ಲಿ ಹುಡುಕಿದರೆ ನಮ್ಮ ನಕ್ಷೆಯ ಸ್ಕ್ರೀನ್‌ಶಾಟು ಒಂದೂ ಇರಲಿಲ್ಲ. ಏನು ಕಾರಣವಿರಬಹುದೆಂದು ಅಂಜಿನಮ್ಮನ ಸೊಸೆಯನ್ನೇ ಫೋನಿನಲ್ಲಿ ಕೇಳಿದೆ.

"ಸಾವಿನ ಮನೆ ಬಾಗ್ಲನ್ನ ಯಾರಾದ್ರೂ ಫೋಟೋ ಹೊಡ್ದು ಕಳಿಸ್ತಾರಾ ಅಕ್ಕ?" ಎಂದಳು. "ನಾವೇ ಬಂದು ನೋಡ್ಕೊಂಡು ಹೋಗ್ತಾ ಇದೀವಿ."

ಮೊನ್ನೆ ಕಂಡಕ್ಟರು ಅಕ್ಕನನ್ನು ವಿಚಾರಿಸಿದ್ದು ಸೂತಕ ಕಳೆದ ಮಾರನೆಯ ದಿನ. ಆವತ್ತು ಬೆಳಿಗ್ಗೆ ನಾನು ಮತ್ತೆ ರಂಗೋಲಿ ಹಾಕಿದ್ದೆ. ಸರಿಯಾಗಿ ಬರುತ್ತದೋ ಇಲ್ಲವೋ ನೋಡಬೇಕಿತ್ತು, ಅದಕ್ಕೇ ಬಸ್ಸು ಹತ್ತಿದ್ದೆ. ಗುಡ್ಡಗಳ ನಡುವೆ ಸಿಗ್ನಲ್ ತೆಳುವಾಗುವ ಜಾಗ ಬಂತು. ಗಾಜು ಒಡೆದ ಫೋನನ್ನು ಕಿಟಕಿಯ ಪಕ್ಕ ಹಿಡಿದು ಒತ್ತಿದೆ. ಪರದೆ ಬೆಳ್ಳಗಿತ್ತು, ಬೆಳ್ಳಗೇ ಇತ್ತು. ಕಂಡಕ್ಟರು ನನ್ನ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು.

ಮೊದಲು ಕಮಲದ ಗೆರೆ ಬಂತು, ಸುತ್ತ ಮದರಂಗಿಯ ಬಳ್ಳಿ ಬಂತು. ಆಮೇಲೆ ಒಂದೊಂದೇ ಊರಿನ ನೀರು ಬಂತು.

"ಓ, ಇವತ್ತು ಶುಕ್ರವಾರ" ಎಂದರು ಕಂಡಕ್ಟರು.